ಕೊಂಕುಗತ್ತಿನ ಕುದುರೆ, ಹೊಟ್ಟೆ ಮಾತ್ರದ ವಿಮಾನ

ನಮ್ಮ ಮದ್ದೂರಿನ ಸಂತೆಮಾಳದಲ್ಲಿ ತಿರುಗುತ್ತಿದ್ದ ತೊಟ್ಟಿಲಿನ ಕುದುರೆಗೆ ಕತ್ತು ಕೊಂಕಾಗಿತ್ತು. ಕೊಂಕಾಗಿದ್ದದ್ದೇ ಅದರ ಚೆಂದ ಅಂತ ನಾನು ಇವತ್ತಿಗೂ ಹೇಳುತ್ತೇನೆ. ಅಲ್ಲ ಅನ್ನುವವರು ಯಾರಾದರೂ ಉಳಿದಿದ್ದರೆ ಬರಲಿ, ಜಗಲಿ ಮೇಲೆ ಕೂತು ಮಾತಾಡೋಣ. ನನ್ನ ಹಲ್ಲು ಉದುರಿವೆಯೇ ಹೊರತು ನಾಲಗೆ ಉದುರಿಲ್ಲ.

ಇದು ಎರಡನೇ ಮಹಾಯುದ್ಧದ ಕಾಲದ ಮಾತು. ತೊಟ್ಟಿಲು ಅಂದರೆ ಮಗು ತೂಗುವ ತೊಟ್ಟಿಲಲ್ಲ. ಎರಡು ದಪ್ಪ ಕಂಬಗಳ ನಡುವೆ ಅಚ್ಚಿಗೆ ಕೂಡಿಸಿದ ಮರದ ರಾಟೆ. ಅದರ ನಾಲ್ಕು ತೋಳುಗಳ ತುದಿಗೆ ನಾಲ್ಕು ಪೆಟ್ಟಿಗೆ. ಒಂದೊಂದರಲ್ಲಿ ದೊಡ್ಡವರಾದರೆ ಇಬ್ಬರು, ಮಕ್ಕಳಾದರೆ ಮೂಟೆ ತುಂಬಿದ ಹಾಗೆ ಎಷ್ಟು ತುರುಕಿದರೆ ಅಷ್ಟು. ಕರೆಂಟಿಲ್ಲ, ಇಂಜಿನ್ನಿಲ್ಲ. ಇಬ್ಬರು ಗಟ್ಟಿ ಆಳುಗಳು ತೋಳು ಹಿಡಿದು ಕೆಳಕ್ಕೆಳೆದರೆ ರಾಟೆ ಕಿರ್ರೋ ಅಂತ ತಿರುಗಿ, ಕೂತವರು ಮೇಲಕ್ಕೆ ಹೋಗಿ, ತಲೆ ಗಿರ್ರೆಂದು, ಕೆಳಗೆ ಬರುವಷ್ಟರಲ್ಲಿ ಅರ್ಧ ಜನ ಮನೆದೇವರನ್ನು ನೆನೆಯುತ್ತಿದ್ದರು. ಇಳಿದ ಕೂಡಲೇ ಮತ್ತೆ ಹತ್ತುತ್ತಿದ್ದರು.

ಅದರ ಒಡೆಯ ಮಳವಳ್ಳಿಯವನು. ಎಲ್ಲರೂ ಅವನನ್ನು ತೊಟ್ಟಿಲಯ್ಯ ಅನ್ನುತ್ತಿದ್ದರು. ಸಣ್ಣ ಆಳು, ದೊಡ್ಡ ಗಂಟಲು. ರಾಟೆ ಬಿಚ್ಚಿ ಎತ್ತಿನ ಗಾಡಿಗೆ ಹೇರಿಕೊಂಡು ಮಂಡ್ಯದ ಸಂತೆ, ಮದ್ದೂರಿನ ಸಂತೆ, ಮಳವಳ್ಳಿಯ ಸಂತೆ ಅಂತ ವಾರವೆಲ್ಲ ಸುತ್ತುತ್ತಿದ್ದ. ನಾಲ್ಕು ಪೆಟ್ಟಿಗೆಗೂ ಮುಂದೆ ನಾಲ್ಕು ಮೃಗದ ತಲೆ: ಕುದುರೆ, ಆನೆ, ಸಿಂಹ, ಹಂಸ. ಹಂಸ ಮೃಗವಲ್ಲ ಅಂತ ನನಗೂ ಗೊತ್ತು, ಸುಮ್ಮನೆ ಕೇಳಿ. ಆ ನಾಲ್ಕನ್ನೂ ಕೆತ್ತಿದವನು ನಮ್ಮಪ್ಪ.

ನಮ್ಮಪ್ಪ ಮದ್ದೂರಿನ ಬಡಗಿ. ನೇಗಿಲು, ಗಾಡಿಚಕ್ರ, ಬಾಗಿಲು, ತೊಲೆ ಅವನ ನಿತ್ಯದ ಕೆಲಸ. ಮೃಗಗಳನ್ನು ಕೆತ್ತಿದ್ದು ಅವನು ಹೊಸದಾಗಿ ಮದುವೆಯಾಗಿದ್ದಾಗ, ಒಂದು ಹುರುಪಿನಲ್ಲಿ. ಆನೆ ಸಿಂಹ ಹಂಸಗಳಿಗೆ ದೇವಸ್ಥಾನದ ಕಲ್ಲು ನೋಡಿಕೊಂಡ. ಕುದುರೆಗೆ ಮಾತ್ರ ಜೀವಂತ ಕುದುರೆಯನ್ನೇ ನೋಡಿ ಮಾಡುತ್ತೇನೆ ಅಂತ ಹಟ ಹಿಡಿದು, ರೈಲ್ವೆ ಸ್ಟೇಷನ್ನಿನ ಮುಂದೆ ನಿಲ್ಲುತ್ತಿದ್ದ ಜಟಕಾ ಕುದುರೆಯ ಎದುರು ಹೋಗಿ ಹೋಗಿ ಕೂತ. ಆ ಹಾಳು ಕುದುರೆಗೋ, ಗಾಡಿಗೆ ಯಾರು ಹತ್ತಿದರು, ಎಷ್ಟು ದಪ್ಪಗಿದ್ದಾರೆ ಅಂತ ಹಿಂದಕ್ಕೆ ತಿರುಗಿ ನೋಡುವ ಚಾಳಿ. ಅಪ್ಪ ಕಂಡದ್ದನ್ನು ಕಂಡ ಹಾಗೆ ಮಾಡುವವನು. ಕತ್ತು ಎಡಕ್ಕೆ ತಿರುಗಿಸಿ ಹಿಂದೆ ನೋಡುತ್ತಿರುವ ಕುದುರೆ ತಯಾರಾಯಿತು.

ಜನಕ್ಕೆ ಅದರ ಮೇಲೆ ಪ್ರಾಣ. ಬೇರೆ ಮೃಗಗಳೆಲ್ಲ ಮುಂದೆ ನೋಡಿಕೊಂಡು ಹೋಗುತ್ತವೆ, ಕುದುರೆ ಒಂದೇ ಕೂತವರ ಮುಖ ನೋಡುತ್ತದೆ. ಅದರ ಕಿವಿ ಸರಿಯಾಗಿ ಕೂತವರ ಬಾಯಿಯ ಹತ್ತಿರಕ್ಕೆ ಬರುತ್ತಿತ್ತು. ಯಾರು ಶುರು ಮಾಡಿದರೋ ಕಾಣೆ, ಮದುವೆ ಗೊತ್ತಾದ ಹುಡುಗಿಯರು ಗಂಡನ ಮನೆಗೆ ಹೋಗುವ ಮುಂಚೆ ಒಂದು ಸಲ ಕುದುರೆ ತೊಟ್ಟಿಲು ಹತ್ತಿ, ಮೇಲಕ್ಕೆ ಹೋದಾಗ ಅದರ ಕಿವಿಯಲ್ಲಿ ಮನಸ್ಸಿನದನ್ನು ಹೇಳಿಕೊಳ್ಳುವುದು ವಾಡಿಕೆಯಾಯಿತು. ಅವ್ವನ ಹತ್ತಿರ ಹೇಳಲಾಗದ್ದು, ಅತ್ತಿಗೆಯ ಹತ್ತಿರ ಹೇಳಬಾರದ್ದು, ಎಲ್ಲ ಆ ಮರದ ಕಿವಿಗೆ. ದುದ್ದದಿಂದ, ಬಸರಾಳಿನಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ನಾನೂ ಹೇಳಿಕೊಂಡಿದ್ದೆ. ಸಿಕ್ಕುವ ಗಂಡ ಗೊರಕೆ ಹೊಡೆಯದೆ ಇರಲಪ್ಪ ಅಂದಿದ್ದೆ. ಕುದುರೆ ಆ ಒಂದು ವಿಷಯದಲ್ಲಿ ಕೈಕೊಟ್ಟಿತು. ಹೋಗಲಿ, ನಾನು ಕ್ಷಮಿಸಿದ್ದೇನೆ.

ಆದರೆ ಅಪ್ಪನಿಗೆ ಆ ಕುದುರೆ ಕಂಡರೆ ಆಗುತ್ತಿರಲಿಲ್ಲ. ಕಾರಣ ಇತ್ತು. ಸುತ್ತಮುತ್ತಲ ಬಡಗಿಗಳು ಅವನಿಗೆ ಕೊಂಕುಗತ್ತಿನಾಚಾರಿ ಅಂತ ಹೆಸರಿಟ್ಟರು. ಗಾಡಿಚಕ್ರ ಮಾಡಿಸಲು ಬಂದವರೂ, 'ಆಚಾರ್ರೇ, ಚಕ್ರ ನೆಟ್ಟಗಿರ್ಲಿ, ಇಂದಕ್ಕೆ ತಿರುಗಿ ನೋಡ್ಬಾರ್ದು' ಅಂತ ತಮಾಷೆ ಮಾಡುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ. ಸಂತೆಗೆ ಹೋದರೆ ತೊಟ್ಟಿಲು ನಿಲ್ಲುವ ಕಡೆ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದ. ಕುದುರೆ ಕಂಡರೆ ಕಾಲುನೋವು ಅನ್ನುವ ಗಾದೆ ಬೇರೆಯವರಿಗೆ ಹತ್ತುವ ಆಸೆಯಿಂದ ಬರುವುದು, ನಮ್ಮಪ್ಪನಿಗೆ ಓಡಿಹೋಗುವ ಆಸೆಯಿಂದ ಬರುತ್ತಿತ್ತು.

ಹೀಗಿರುವಾಗ ಯುದ್ಧ ಬಂತು. ಸೀಮೆಣ್ಣೆ ಹೋಯಿತು, ವಿಮಾನ ಬಂತು. ಬೆಂಗಳೂರಿನ ಕಡೆಯಿಂದ ಆಗಾಗ ಒಂದೆರಡು ವಿಮಾನ ಗುಯ್ಗುಡುತ್ತಾ ನಮ್ಮ ತಲೆ ಮೇಲೆ ಹೋಗುತ್ತಿದ್ದವು. ಗದ್ದೆಯಲ್ಲಿ ನಾಟಿ ಹಾಕುವವರು ಪೈರು ಬಿಟ್ಟು ಮೇಲೆ ನೋಡುವುದು, ಆಲೆಮನೆಯಲ್ಲಿ ಕೊಪ್ಪರಿಗೆಯ ಬೆಲ್ಲ ಸೀಯುವುದು, ಎಲ್ಲ ಅದರಿಂದಲೇ. ಮಂಡ್ಯದವರಂತೂ ಕೇಳಲೇಬೇಡಿ. ಸಕ್ಕರೆ ಕಾರ್ಖಾನೆ ಬಂದು, ನಾಲೆ ನೀರು ಬಂದು, ಅವರಿಗೆ ಆಗಲೇ ಕಾಲು ನೆಲದ ಮೇಲಿರಲಿಲ್ಲ. ಅಲ್ಲಿಯ ಪಡ್ಡೆಗಳು ತೊಟ್ಟಿಲಯ್ಯನಿಗೆ, 'ಇನ್ನೂ ಕುದ್ರೆ ಕತ್ತೆ ಇಡ್ಕಂಡು ಕೂತಿದ್ದೀಯಲ್ಲಯ್ಯ, ಇಮಾನ ಮಡಗು' ಅಂತ ಚುಡಾಯಿಸಿದರು. ಮಂಡ್ಯದ ಸಂತೆಯಲ್ಲಿ ಹತ್ತುವವರು ಕಡಿಮೆಯಾದರು. ತೊಟ್ಟಿಲಯ್ಯನಿಗೆ ಹೊಟ್ಟೆಯೊಳಗೆ ಬೆಂಕಿ ಬಿತ್ತು.

ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದ. ನಾನು ಮದುವೆಯಾದ ಮೇಲೂ ಅಪ್ಪನ ಮನೆಯಲ್ಲೇ ಇದ್ದೆ. ಅವ್ವ ತೀರಿಕೊಂಡಿದ್ದಳು, ನಾನೊಬ್ಬಳೇ ಮಗಳು. ನಮ್ಮ ಯಜಮಾನರು ಮನೆಯಳಿಯ. ಅವರು ಮಂಡ್ಯದ ಕಾರ್ಖಾನೆಯಲ್ಲಿ ಫಿಟ್ಟರು, ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದರು. ತೊಟ್ಟಿಲಯ್ಯ ಜಗಲಿ ಮೇಲೆ ಕೂತು ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡೇ ವಿಷಯ ತೆಗೆದ.

'ಆಚಾರ್ರೇ, ಬೇಜಾರ್ ಮಾಡ್ಕಬೇಡಿ. ನಾಲ್ಕು ತಲೆನೂ ತೆಗ್ದು ಇಮಾನ ಮಾಡ್ಬೇಕು. ನಿಮ್ಮ ಕೈಲಾಯ್ತದಾ?'

ನಾನು ಒಳಗಿಂದ ಮೊರ ಹಿಡಿದುಕೊಂಡೇ ಆಚೆ ಬಂದೆ. ಅಪ್ಪ ಇವನನ್ನು ಅಟ್ಟುತ್ತಾನೆ, ನಾಲ್ಕು ಮಾತು ನಾನೂ ಸೇರಿಸೋಣ ಅಂತ. ಅಪ್ಪ ಒಂದು ಚಣವೂ ಯೋಚಿಸಲಿಲ್ಲ.

'ಮಾಡ್ಕೊಡ್ತೀನಿ. ಮೊದ್ಲು ಆ ಕುದ್ರೆ ಕಿತ್ತಾಕು' ಅಂದ.

ಮೊರದ ಅಕ್ಕಿ ಜಗಲಿ ತುಂಬ ಚೆಲ್ಲಿತು. ಚೆಲ್ಲಿತು ಅಂತ ಏಕೆ ಹೇಳಲಿ, ನಾನೇ ಚೆಲ್ಲಿದೆ.

ಸುದ್ದಿ ಮೂರು ಊರಿಗೂ ಹಬ್ಬಿತು. ಆಮೇಲೆ ನಡೆದ ಜಗಳವನ್ನು ನೋಡಬೇಕಿತ್ತು ನೀವು! ಮದ್ದೂರೆಲ್ಲ ಕುದುರೆ ಪಾರ್ಟಿ, ಮಂಡ್ಯವೆಲ್ಲ ವಿಮಾನದ ಪಾರ್ಟಿ, ಮಳವಳ್ಳಿಯವರು ಆನೆ ಪಾರ್ಟಿ. ಸಿಂಹಕ್ಕೂ ಹಂಸಕ್ಕೂ ದಿಕ್ಕಿರಲಿಲ್ಲ, ಪಾಪ. ಸಂತೆಮಾಳದ ಹೊಂಗೆ ಮರದ ಕೆಳಗೆ ವ್ಯಾಪಾರ ಬಿಟ್ಟು ಇದೇ ಮಾತು.

'ಲೋಕವೇ ಮ್ಯಾಕೆ ಆರ್ತಾ ಅದೆ, ನೀವಿನ್ನೂ ಕುದ್ರೆ ಬಾಲ ಇಡ್ಕಂಡಿದ್ದೀರಲ್ಲಾ!'

'ಆರ್ಲಿ ಬುಡ್ಲಾ. ಕುದ್ರೆಯಿಂದ ಬಿದ್ದೋನು ಸೊಂಟ ಇಡ್ಕಂಡು ಎದ್ ಬತ್ತಾನೆ. ಇಮಾನದಿಂದ ಬಿದ್ದೋನು ಬತ್ತಾನೇನ್ಲಾ?'

'ಇಮಾನಕ್ಕೆ ಕಿವಿ ಎಲ್ಲದೆ? ನಮ್ಮೆಣ್ಣೈಕ್ಳು ಯಾರ್ ತಾವ ಏಳ್ಕಬೇಕು?'

'ಏಳ್ಕಳೋದೇನು, ಗಂಡನ್ ತಾವ ಏಳ್ಕಳ್ಳಿ!'

'ಗಂಡನ್ ಮ್ಯಾಲಿನ ದೂರ್ನ ಗಂಡನ್ ತಾವೇ ಏಳ್ತಾರೇನ್ಲಾ, ಎಡವಟ್ಟು ನನ್ಮಗನೇ!'

ವೀಳ್ಯದೆಲೆ ಮಾರುತ್ತಿದ್ದ ಮಳವಳ್ಳಿಯ ಮುದುಕಿ ಒಬ್ಬಳಿದ್ದಳು, ಆನೆ ಪಾರ್ಟಿಯ ದೊಡ್ಡ ತಲೆ. ಎಲೆಗೆ ನೀರು ಚಿಮುಕಿಸುತ್ತಲೇ ಕೂಗುತ್ತಿದ್ದಳು: 'ಗಣಪ್ಪನ ಮೊಕ ಕಿತ್ತು ಗುಯ್ಗುಡೋ ಉಳ ಮಡಗ್ತೀರಾ? ಉದ್ಧಾರ ಆಯ್ತೀರಾ ಬುಡಿ!' ಯಾರೋ ಒಬ್ಬ ಸಮಾಧಾನದ ಮನುಷ್ಯ, ಎರಡು ಮೃಗ ಇರಲಿ, ಎರಡು ವಿಮಾನ ಆಗಲಿ ಅಂದ. ಮೂರು ಪಾರ್ಟಿಯವರೂ ಒಂದಾಗಿ ಅವನನ್ನು ಬೈದರು. ಆ ದಿನ ಅವರೆಲ್ಲ ಒಪ್ಪಿದ ಮಾತು ಅದೊಂದೇ. ಇನ್ನೊಂದು ತಮಾಷೆ ಏನೆಂದರೆ, ಎಲ್ಲರಿಗಿಂತ ಜೋರಾಗಿ ಗಂಟಲು ಹರಿದುಕೊಂಡವರು ಮೀಸೆ ಬಂದ ಮೇಲೆ ತೊಟ್ಟಿಲು ಹತ್ತದಿದ್ದವರು.

ಮನೆಯಲ್ಲೂ ಬಿಡುಗಡೆ ಇರಲಿಲ್ಲ. ಯಜಮಾನರು ವಿಮಾನದ ಪಾರ್ಟಿ. ಮಂಡ್ಯದ ಗಾಳಿ ಕುಡಿದವರು, ಇನ್ನೇನಾದಾರು?

'ಕಾಲಕ್ಕೆ ತಕ್ಕಂಗೆ ಓಗ್ಬೇಕು ಕಣಮ್ಮಿ' ಅಂದರು ಒಂದು ದಿನ, ಊಟಕ್ಕೆ ಕೂತು.

'ಕುದುರೆ ಪಾರ್ಟಿಯವ್ಳು ತಿರುವಿದ ಮುದ್ದೆ ಅದು. ತಿನ್ನೋಗಂಟ ಬಾಯಿ ಮುಚ್ಕಳಿ' ಅಂದೆ.

ತಿನ್ನುವ ತನಕ ಸುಮ್ಮನಿದ್ದರು. ಕೈ ತೊಳೆದ ಮೇಲೆ ಮತ್ತೆ ಶುರು. ಅಪ್ಪ ಮಾತ್ರ ಗೋಡೆಗೆ ಒರಗಿ ಕಣ್ಣುಜ್ಜಿಕೊಳ್ಳುತ್ತಾ ಕೂತಿರುತ್ತಿದ್ದ. ಯಾವ ಪಾರ್ಟಿಗೂ ಒಂದು ಮಾತು ಸೇರಿಸಲಿಲ್ಲ. ಅವನೇ ಮಾಡಿದ ಕುದುರೆಗಾಗಿ ಊರೆಲ್ಲ ಹೊಡೆದಾಡುತ್ತಿದ್ದರೆ ಅವನಿಗೆ ಅದು ಕೇಳಿಸುತ್ತಲೇ ಇರಲಿಲ್ಲವೇನೋ ಅನ್ನಿಸಿ ನನ್ನ ಮೈ ಉರಿಯುತ್ತಿತ್ತು.

ಅದಕ್ಕೆ ಕೆಲವು ವರ್ಷ ಮುಂಚೆ ನಮ್ಮ ಪಕ್ಕದ ಶಿವಪುರದಲ್ಲಿ ಬಾವುಟದ ಸತ್ಯಾಗ್ರಹ ಆಗಿತ್ತಲ್ಲ, ಆಗಿನಿಂದ ನಮ್ಮ ಕಡೆಯವರಿಗೆ ಒಂದು ಗೀಳು ಹಿಡಿದಿತ್ತು. ಏನಾದರೂ ಬೇಡವಾದರೆ ಕೂತುಬಿಡುವುದು. ಮುಂದಿನ ಮದ್ದೂರಿನ ಸಂತೆಯ ದಿನ ಮಧ್ಯಾಹ್ನ ನಾನೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಕುದುರೆ ತೊಟ್ಟಿಲಲ್ಲಿ ಕೂತೆ.

'ಇಳಿಯವ್ವ, ಒಂದ್ ಸುತ್ತು ಆಯ್ತಲ್ಲ' ಅಂದ ತೊಟ್ಟಿಲಯ್ಯ.

'ಇಳಿಯಕ್ಕಿಲ್ಲ. ಕುದುರೆ ಕೀಳಲ್ಲ ಅಂತ ನನ್ನ ಮುಂದೆ ಆಣೆ ಇಡು, ಇಳೀತೀನಿ.'

ಅವನು ತಲೆ ಕೆರೆದುಕೊಂಡ. ಆಳುಗಳಿಗೆ ಕಣ್ಸನ್ನೆ ಮಾಡಿದ. ಅವರು ರಾಟೆ ಎಳೆದು ನನ್ನನ್ನು ಮೇಲಕ್ಕೇರಿಸಿ, ತೋಳನ್ನು ಕಂಬಕ್ಕೆ ಹಗ್ಗದಲ್ಲಿ ಬಿಗಿದು, ಮೂವರೂ ಮುದ್ದೆ ಉಣ್ಣಲು ಹೋದರು. ಹೋಗುವಾಗ ತೊಟ್ಟಿಲಯ್ಯ, 'ಇಳಿಯಕ್ಕಿಲ್ಲ ಅಂದ್ಯಲ್ಲ, ಅಲ್ಲೇ ಇರು ತಾಯಿ' ಅಂದ.

ಅಯ್ಯೋ, ಆ ಎತ್ತರ! ಶಿಂಷೆ ಹೊಳೆ ಕಾಣುತ್ತಿತ್ತು, ರೈಲು ಕಂಬಿ ಕಾಣುತ್ತಿತ್ತು, ನಮ್ಮ ಮನೆ ಹಿತ್ತಲಿನಲ್ಲಿ ಒಣಗಹಾಕಿದ್ದ ನನ್ನ ಸೀರೆ ಕಾಣುತ್ತಿತ್ತು. ಕೆಳಗೆ ಸಂತೆಗೆ ಸಂತೆಯೇ ನೆರೆದು ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು. ಕುದುರೆ ಪಾರ್ಟಿಯವರು ಜೈ ಅಂದರು. ನಾನು ಕುದುರೆಯ ಕತ್ತು ತಬ್ಬಿಕೊಂಡು, ಹೆದರಿಕೆ ತೋರಿಸದೆ, ಗತ್ತಿನಿಂದ ಕೂತಿದ್ದೆ.

ಆಗ ಅಪ್ಪ ಬಂದ. ಕೋಲು ಊರಿಕೊಂಡು, ಜನರ ನಡುವೆ ತಡವಿಕೊಂಡು ಬರುತ್ತಿದ್ದ. ಅವನು ಕೋಲು ಹಿಡಿದದ್ದು ಯಾವಾಗ ಅಂತ ನಾನು ಯೋಚಿಸಿಯೇ ಇರಲಿಲ್ಲ. ರಾಟೆಯ ಕೆಳಗೆ ನಿಂತು ತಲೆ ಎತ್ತಿದ.

'ಮಗಾ.'

'ಇಳಿಯಕ್ಕಿಲ್ಲ ಅಪ್ಪ.'

'ಇಳೀಬೇಡ. ಕೇಳು. ನಿನ್ನ ತಲೆ ನಂಗೆ ಚೆಂದಾಗಿ ಕಾಣ್ತಾ ಅದೆ. ಕೂದ್ಲು ಬಾಚ್ಕಂಡಿಲ್ಲ ನೀನು.'

ಜನ ನಕ್ಕರು. ಅಪ್ಪ ನಗಲಿಲ್ಲ.

'ನನ್ನ ಪಕ್ಕದಲ್ಲಿ ನಿಂತಿರೋರು ಯಾರು ಅಂತ ನಂಗೆ ಕಾಣಕ್ಕಿಲ್ಲ ಕಣವ್ವ. ಕಣ್ಣಿಗೆ ಪೊರೆ ಬಂದದೆ. ನೆಲದ ಮ್ಯಾಲಿರೋದೆಲ್ಲ ಮಂಜು. ಆಕಾಸದ ಎದ್ರುಗಿರೋದು ಮಾತ್ರ ಗೆರೆ ಎಳ್ದಂಗೆ ಕಾಣ್ತದೆ. ನೀನು ಕಾಣ್ತೀಯ. ಆ ಕುದ್ರೆ ಕೊಂಕುಗತ್ತೂ ಕಾಣ್ತದೆ. ನಂಗೆ ಕಾಣೋ ನಾಕು ವಸ್ತುವಿನಲ್ಲಿ ಅದೂ ಒಂದಾಗ್ಬೇಕಾ, ಏಳು? ಉಳಿ ಇಡಿಯಕ್ಕೆ ಇನ್ನೊಂದ್ ವರ್ಸ ಆದ್ರೆ ಆಯ್ತು, ಇಲ್ದಿದ್ರೆ ಇಲ್ಲ. ಕೊಂಕುಗತ್ತಿನಾಚಾರಿ ಅನ್ನಿಸ್ಕಂಡೇ ಸಾಯಕ್ಕೆ ನಂಗಿಷ್ಟ ಇಲ್ಲ. ಸಾಯೋದ್ರೊಳಗೆ ಒಂದೇ ಒಂದು ನೆಟ್ಟಗಿರೋದ ಮಾಡ್ಬುಡ್ತೀನಿ, ಬುಡವ್ವ.'

ಇಷ್ಟು ದಿನ ಎದುರಿಗೇ ಕೂತು ಉಂಡ ಮನುಷ್ಯ, ಒಂದು ಮಾತು ಹೇಳಿರಲಿಲ್ಲ. ಅಷ್ಟು ಎತ್ತರದಲ್ಲಿ ಕೂತು ಜೋರಾಗಿ ಅತ್ತೆ, ಕಣ್ಣೀರು ಕೆಳಗಿನವರ ತಲೆ ಮೇಲೆ ಬಿದ್ದರೆ ಬೀಳಲಿ ಅಂತ.

ಇಳಿದೆ. ಇಳಿದ ಮೇಲೂ ಸುಮ್ಮನೆ ಬಿಡಲಿಲ್ಲ, ತೊಟ್ಟಿಲಯ್ಯನ ಹತ್ತಿರ ಒಂದು ಕರಾರು ಮಾಡಿಕೊಂಡೆ: ನಾಲ್ಕು ತಲೆಗಳನ್ನೂ ಒಡೆಯಬಾರದು, ಸುಡಬಾರದು, ನಮ್ಮ ಮನೆಯ ಅಟ್ಟಕ್ಕೆ ಕಳಿಸಬೇಕು. ಕಳಿಸಿದ. ಕುದುರೆಗೆ ನಾನೇ ಗೋಣಿ ಹೊದಿಸಿ, ಕಿವಿ ಮಾತ್ರ ಆಚೆ ಬಿಟ್ಟೆ. ಮದುವೆ ಗೊತ್ತಾದ ಹುಡುಗಿಯರು ನಮ್ಮ ಮನೆಗೇ ಬಂದು, ಏಣಿ ಹಾಕಿಸಿಕೊಂಡು, ಅಟ್ಟ ಹತ್ತಿ, ಸೀನಿಕೊಂಡು ಸೀನಿಕೊಂಡು ಹೇಳಿ ಹೋಗುತ್ತಿದ್ದರು. ಬಂದವರಿಗೆಲ್ಲ ಮಜ್ಜಿಗೆ ಕೊಟ್ಟು ಕೊಟ್ಟು ನನಗೆ ಸಾಕಾಯಿತು.

ಅಪ್ಪ ಕೆಲಸ ಶುರು ಮಾಡಿದ. ಅವನು ಕೆಲಸ ಮಾಡಿದ ರೀತಿ ಇನ್ನೆಲ್ಲಿಯೂ ನಾನು ನೋಡಿಲ್ಲ. ಮೊದಲು ಗದ್ದೆ ಬದುವಿನ ಮೇಲೆ ಕಂಬಳಿ ಹಾಸಿಕೊಂಡು ಅಂಗಾತ ಮಲಗಿ ದಿನಗಟ್ಟಲೆ ವಿಮಾನ ಕಾದ. ಒಂದು ಹೋದರೆ ಸಾಕು, ಎದ್ದು ಕೂತು ನೆಲದ ಮೇಲೆ ಬೆರಳಲ್ಲಿ ಗೆರೆ ಎಳೆಯುತ್ತಿದ್ದ. ಆಮೇಲೆ ಹಲಸಿನ ಹಲಗೆಗಳನ್ನು ನಮ್ಮ ಹಿತ್ತಲ ಹುಣಸೆ ಮರದ ಕೊಂಬೆಗೆ ಹಗ್ಗದಲ್ಲಿ ತೂಗುಹಾಕಿಸಿದ. ಅದರ ಕೆಳಗೆ ಮಲಗಿ, ಆಕಾಶಕ್ಕೆ ಎದುರಾಗಿ ಹಿಡಿದು ಕೆತ್ತಿದ. ಹಾಗಾದರೆ ಮಾತ್ರ ಅವನಿಗೆ ಅಂಚು ಕಾಣುತ್ತಿತ್ತು. ಉಳಿಯಿಂದ ಉದುರಿದ ಚಕ್ಕೆಯೆಲ್ಲ ಅವನ ಗಡ್ಡದಲ್ಲಿ, ಮೂಗಿನಲ್ಲಿ. ಊಟಕ್ಕೆ ಕರೆದರೆ, 'ರೆಕ್ಕೆ ಬಲಗಡೆ ಒಂದ್ ನೂಲು ಜಾಸ್ತಿ ಅದೆ, ತಡಿ' ಅನ್ನುತ್ತಿದ್ದ. ಒಂದು ನೂಲು ಹೆಚ್ಚೋ ಕಡಿಮೆಯೋ ಕೈಯಲ್ಲಿ ಸವರಿ, ಮೇಲೆ ನೋಡಿ, ಮತ್ತೆ ಸವರಿ. ಅಷ್ಟು ಖುಷಿಯಾಗಿ ಅವನು ಕೆಲಸ ಮಾಡಿದ್ದನ್ನು ಅವ್ವ ಹೋದ ಮೇಲೆ ನಾನು ಕಂಡಿರಲಿಲ್ಲ. ಕುದುರೆ ಪಾರ್ಟಿಯವಳಾದರೂ ನಾನೇ ಹಗ್ಗ ಹಿಡಿಯುತ್ತಿದ್ದೆ.

ಕೊನೆಗೆ ಯಜಮಾನರನ್ನು ಕರೆದು ಕೇಳಿದ: 'ಅಳಿಯಂದ್ರೇ, ಇಮಾನದ ಮ್ಯಾಲ್ಗಡೆ ಎಂಗಿರ್ತದೆ?'

ಯಜಮಾನರು ಗಂಟಲು ಸರಿಮಾಡಿಕೊಂಡರು. ಮಂಡ್ಯಕ್ಕೆ ರೈಲಿನಲ್ಲಿ ಹೋಗಿ ಬರುವ ಮನುಷ್ಯ, ಗೊತ್ತಿಲ್ಲ ಅನ್ನುವುದು ಹೇಗೆ? 'ಅಂತಾದ್ದೇನೂ ಇರಕ್ಕಿಲ್ಲ ಮಾವ. ಮಟ್ಟಸವಾಗಿರ್ತದೆ' ಅಂದರು. ನಮ್ಮ ಮೂರು ಊರಿನಲ್ಲಿ ಯಾರನ್ನು ಕೇಳಿದರೂ ಅಷ್ಟೇ. ಎಲ್ಲರೂ ಕಂಡದ್ದು ಹೊಟ್ಟೆಯನ್ನು. ಅಪ್ಪನೂ ಕಂಡದ್ದನ್ನೇ ಮಾಡಿದ.

ಮಂಡ್ಯದ ಸಂತೆಯಲ್ಲಿ ಹೊಸ ತೊಟ್ಟಿಲು ಏರಿದ ದಿನ ನಾವು ಮೂವರೂ ಹೋದೆವು. ಏನು ಜನ, ಏನು ಜನ! ಮೊದಲ ವಿಮಾನ ಮೇಲಕ್ಕೆ ಹೋದಾಗ ಇಡೀ ಸಂತೆ ಹೋ ಅಂತು. ನಿಜವಾಗಿ ಹೇಳುತ್ತೇನೆ, ನನ್ನ ಎದೆಯೂ ಝಲ್ಲೆಂದಿತು. ನೆಟ್ಟಗೆ ಚಾಚಿದ ರೆಕ್ಕೆ, ಅದರಡಿ ಎರಡು ಗಾಲಿ, ಗಾಲಿಯ ಕಡ್ಡಿ ಕಡ್ಡಿಯೂ ಬಿಡಿಬಿಡಿಯಾಗಿ, ರೆಕ್ಕೆಯ ಕೆಳಗೆ ಕೆಂಪು ನೀಲಿ ಬಣ್ಣದ ದುಂಡು ಗುರುತು, ಹೊಟ್ಟೆಯ ತುಂಬ ಮೊಳೆಯ ಸಾಲು. ಒಂದು ಕೊಂಕಿಲ್ಲ. ಆಕಾಶದಲ್ಲಿ ಹೋಗುವ ವಿಮಾನವೇ ದಾರಿ ತಪ್ಪಿ ಸಂತೆಗೆ ಬಂದ ಹಾಗಿತ್ತು.

ಜನ ಮೇಲೆ ನೋಡಿದರು, ಮತ್ತೂ ನೋಡಿದರು. ನೋಡುವುದಕ್ಕೆ ಯಾರಪ್ಪನ ಅಪ್ಪಣೆ ಬೇಕು? ಕಾಸು ಕೊಟ್ಟು ಹತ್ತಿದವರು ಮಾತ್ರ ಇಳಿಯುವಾಗ ಮುಖ ಹುಳ್ಳಗೆ ಮಾಡಿಕೊಂಡು ಇಳಿದರು.

'ಏನ್ಲಾ, ಎಂಗದೆ ಒಳಗೆ?'

'ಒಳಗೇನದೆ? ಬರೀ ಅಲಗೆ ಕಣ್ಲಾ. ರಾಗಿ ಪೆಟ್ಟಿಗೇಲಿ ಕೂತಂಗದೆ. ಇಮಾನ ನೋಡ್ಬೇಕು ಅಂದ್ರೆ ಇಲ್ಲೇ ನಿಂತ್ಕಂಡ್ರೆ ಸರಿ.'

ಆ ಮಾತು ಸಂತೆಯೆಲ್ಲ ಹರಿಯಿತು. ಹತ್ತುವವರು ನಿಂತೇಹೋದರು. ಕತ್ತು ನೋಯುವ ತನಕ ಮೇಲೆ ನೋಡುವ ಜನವೋ ನೂಕುನುಗ್ಗಲು. ಕಾಸು ಕೊಟ್ಟವನಿಗೆ ಹಲಗೆ, ಕೊಡದವನಿಗೆ ವಿಮಾನ. ಖಾಲಿ ತೊಟ್ಟಿಲು ತಿರುಗಿಸಿ ತಿರುಗಿಸಿ ಆಳುಗಳು ಬೆವರು ಒರೆಸಿಕೊಂಡರು. ಮದ್ದೂರಿನಿಂದ ಬಂದಿದ್ದ ನಮ್ಮ ಪಾರ್ಟಿಯವರಿಗೆ ಹಬ್ಬ. 'ಕುದ್ರೆ ಶಾಪ ಕಣ್ಲಾ!' ಅಂತ ಕುಣಿದರು. ಎಲೆ ಮಾರುವ ಮುದುಕಿ, 'ಗಣಪ್ಪ ಸುಮ್ಕೆ ಬುಟ್ಟಾನಾ?' ಅಂದಳು.

ತೊಟ್ಟಿಲಯ್ಯ ತಲೆ ಮೇಲೆ ಕೈ ಹೊತ್ತು ಕೂತವನು ದಡಕ್ಕನೆ ಎದ್ದ. 'ಇವತ್ತೇ ಕಿತ್ತಾಕ್ತೀನಿ. ಇಂತಾ ಇಮಾನ ಕಟ್ಕಂಡು ನಾನೇನ್ ಮಣ್ ತಿನ್ಲಾ?'

ನಾನು ಅಪ್ಪನ ಕಡೆ ನೋಡಿದೆ. ಅವನು ರಾಟೆಯ ಕೆಳಗೆ, ಬಾಯಿ ಸ್ವಲ್ಪ ತೆರೆದುಕೊಂಡು, ಮೇಲೆ ನೋಡುತ್ತಾ ನಿಂತಿದ್ದ. ಒಂದು ವಿಮಾನ ಏರಿದರೆ ಅವನ ಗಲ್ಲವೂ ಅದರ ಜೊತೆ ಏರುತ್ತಿತ್ತು. ಗಲಾಟೆ ಯಾವುದೂ ಅವನಿಗೆ ಕೇಳಿಸಿರಲಿಲ್ಲ. ಆ ಮುಖ ನೋಡಿದ ಮೇಲೆ ನನಗೆ ಏನಾಯಿತೋ, ನುಗ್ಗಿ ಹೋಗಿ ತೊಟ್ಟಿಲಯ್ಯನ ಎದುರು ನಿಂತೆ.

'ಒಂದ್ ಮೊಳೆ ಕಿತ್ತು ನೋಡು, ಕೈ ಮುರ್ದಾಕ್ತೀನಿ!'

'ಏನವ್ವ ನೀನು!' ಅಂದ ಅವನು, ಬೆರಗಾಗಿ. 'ಅತ್ತಿ ಕೂತಾಗ ಕುದ್ರೆ ಪಾರ್ಟಿ ಅಂದೆ. ಈಗ ಇಮಾನದ ಪಾರ್ಟಿನಾ?'

'ನಮ್ಮಪ್ಪನ ಪಾರ್ಟಿ' ಅಂದೆ. 'ಮದ್ದೂರು ಸಂತೆಗಂಟ ಟೈಮು ಕೊಡು.'

ಟೈಮು ತೆಗೆದುಕೊಂಡೆ, ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ವಾಪಸು ರೈಲಿನಲ್ಲಿ ಅಪ್ಪ ಕಿಟಕಿಗೆ ಒರಗಿ ನಿದ್ದೆ ಹೋದ. ಯಜಮಾನರು ಮೆಲ್ಲಗೆ, 'ಮ್ಯಾಲ್ಗಡೆ ಖಾಲಿ ಅದೆ, ಅದೇ ಎಡವಟ್ಟು. ಏನಾರ ಮಡಗ್ಬೇಕು' ಅಂದರು. 'ಮಡಗೋದಕ್ಕೆ ಅಟ್ಟದಲ್ಲಿ ನಾಕು ಅವೆಯಲ್ಲ' ಅಂದೆ ನಾನು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆ ಉಪಾಯ ತಮ್ಮದು ಅಂತ ಅವರು ಬದುಕಿದ್ದಷ್ಟು ಕಾಲವೂ ವಾದಿಸಿದರು. ಖಾಲಿ ಅದೆ ಅನ್ನುವುದು ಉಪಾಯವೇನ್ರೀ? ಉಪಾಯ ನನ್ನದೇ.

ಅಪ್ಪನನ್ನು ಕೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಅವನ ನೆಟ್ಟಗಿನ ವಿಮಾನದ ಮೇಲೆ ಅವನ ಮಾನ ಕಳೆದ ಕೊಂಕುಗತ್ತನ್ನೇ ಕೂರಿಸುತ್ತೇವೆ ಅಂತ ಯಾವ ಬಾಯಲ್ಲಿ ಹೇಳುವುದು? ತಲೆಗಳನ್ನು ಅಟ್ಟದಿಂದ ಇಳಿಸಿ, ಗೋಣಿಯಲ್ಲಿ ಸುತ್ತಿ, ಗಾಡಿಯಲ್ಲಿ ಸಂತೆಮಾಳಕ್ಕೆ ಸಾಗಿಸಿದೆವು. ಯಜಮಾನರು ರಜಾ ಹಾಕಿ, ಬೋಲ್ಟು ನಟ್ಟು ತಂದು, ಒಂದೊಂದು ವಿಮಾನದ ಮೂತಿಯ ಮೇಲೂ ಒಂದೊಂದು ತಲೆ ಕೂರಿಸಿ ಬಿಗಿದರು. ಕೆಲಸ ಚೆನ್ನಾಗಿಯೇ ಮಾಡಿದರು, ಇಲ್ಲ ಅನ್ನಬಾರದು. ಅಪ್ಪ ಮನೆಯಲ್ಲಿ ಜಗಲಿ ಮೇಲೆ ಕೂತು, ನಾವು ಹೋಗುವುದು ಬರುವುದು ಕೇಳಿಸಿಕೊಳ್ಳುತ್ತಾ, ಏನೂ ಕೇಳದೆ ಇದ್ದ. ಅದೇ ನನಗೆ ಹೆಚ್ಚು ಭಯ.

ಸಂತೆಯ ದಿನ ಬೆಳಿಗ್ಗೆಯೇ ಮೂರು ಊರಿನವರೂ ಬಂದರು. ಮೊದಲು ಹತ್ತಿದ ಮಕ್ಕಳು 'ಹೈ! ಹೈ!' ಅಂತ ಕುದುರೆಯ ಕತ್ತು ತಬ್ಬಿ ವಿಮಾನ ಹಾರಿಸಿದರು. ಆನೆಯೂ ಹಾರಿತು. ಎಲೆ ಮಾರುವ ಮುದುಕಿ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಆನೆ ವಿಮಾನ ಹತ್ತಿ, ಇಳಿದು ಬಂದು, 'ಗಣಪ್ಪಂಗೆ ಇಲಿಗಿಂತ ಇದೇ ವಾಸಿ' ಅಂತ ತೀರ್ಪು ಕೊಟ್ಟಳು. ಹೊಂಗೆ ಮರದ ಕೆಳಗಿನವರಿಗೆ ಜಗಳಕ್ಕೆ ವಿಷಯವಿಲ್ಲದೆ, ಇದನ್ನು ಕುದುರೆ ಅನ್ನಬೇಕೋ ವಿಮಾನ ಅನ್ನಬೇಕೋ ಅಂತ ಹೊಸದಾಗಿ ಶುರು ಮಾಡಿಕೊಂಡರು. ತೊಟ್ಟಿಲಯ್ಯನ ಗಂಟಲು ಮತ್ತೆ ದೊಡ್ಡದಾಯಿತು.

ಅಪ್ಪ ಬಂದದ್ದು ಹೊತ್ತು ಏರಿದ ಮೇಲೆ. ಕೋಲು ಊರಿಕೊಂಡು ಬರುವಾಗ ಜನ ದಾರಿ ಬಿಟ್ಟರು. ಯಾರೋ, 'ಇಮಾನದಾಚಾರ್ರು ಬಂದ್ರು, ಜಾಗ ಬುಡ್ರಲಾ' ಅಂದರು. ನಾನು ಕೇಳಿಸಿಕೊಂಡೆ. ಅಪ್ಪನೂ ಕೇಳಿಸಿಕೊಂಡ, ಒಂದು ಹೆಜ್ಜೆ ನಿಂತು ಆಮೇಲೆ ಮುಂದೆ ಬಂದ. ಯಜಮಾನರು ಅವನನ್ನು ರಾಟೆಯ ಪಕ್ಕದ ಕಲ್ಲಿನ ಮೇಲೆ ಕೂರಿಸಿದರು. ನಾನು ತಡೆಯಲಾರದೆ ಕುದುರೆ ವಿಮಾನ ಹತ್ತಿಬಿಟ್ಟೆ. ಬೈಯುವುದಿದ್ದರೆ ದೂರದಿಂದಲೇ ಬೈಯಲಿ ಅಂತ.

ಆಳುಗಳು ಎಳೆದರು. ಕಿರ್ರೋ ಅಂತ ಮೇಲಕ್ಕೆ ಹೋದೆ. ತುದಿಗೆ ಹೋದಾಗ ತೊಟ್ಟಿಲಯ್ಯ ಬೇಕೆಂದೇ ರಾಟೆ ನಿಲ್ಲಿಸಿದ. ಕೆಳಗೆ ಅಪ್ಪ ತಲೆ ಎತ್ತಿಕೊಂಡು ಕೂತಿದ್ದ. ಅವನಿಗೆ ಕಾಣುವುದು ಆಕಾಶದ ಎದುರಿಗಿರುವುದು ಮಾತ್ರ, ಅಂದರೆ ನಾನು ಕೂತಿದ್ದ ವಿಮಾನದ ಹೊಟ್ಟೆ, ರೆಕ್ಕೆ, ಗಾಲಿ. ಕುದುರೆ ಇದ್ದದ್ದು ಆ ಹೊಟ್ಟೆಯ ಮೇಲ್ಗಡೆ, ಮರೆಯಲ್ಲಿ. ಕೆಳಕ್ಕೆ ಇಳಿದರೆ ಅವನ ಮಂಜಿನಲ್ಲಿ.

'ಅಪ್ಪಾ, ಕಾಣಿಸ್ತದಾ?' ಅಂತ ಕೂಗಿದೆ.

'ಕಾಣ್ತದೆ ಕಣವ್ವ. ನೆಟ್ಟಗದೆ' ಅಂದ.

ನನಗೆ ಇನ್ನು ತಡೆಯಲಾಗಲಿಲ್ಲ. 'ಕುದ್ರೆ?' ಅಂದೆ.

ಅಪ್ಪ ಗಡ್ಡ ಸವರಿಕೊಂಡ. ಅವನ ತುಟಿಯ ಒಂದು ಕೊನೆ ಮೇಲೆದ್ದದ್ದು ನನಗೆ ಅಷ್ಟು ಎತ್ತರದಿಂದಲೂ ಕಂಡಿತು.

'ಯಾವ್ ಕುದ್ರೆ?' ಅಂದ.

ನಾನು ಬೇಗ ಕೈ ಚಾಚಿ ಕುದುರೆಯ ಕಿವಿ ಮುಚ್ಚಿದೆ. ಪಾಪ, ಅದಕ್ಕೆ ಬೇಜಾರಾಗುವುದಿಲ್ಲವೇ?